ಮುರಿದ ಬೆನ್ನಿನ ಚರಿತ್ರೆ: ಹಾನಗಲ್ಲು, ಶಿಗ್ಗಾಂವಿ, ಸವಣೂರು, ಹಿರೇಕೆರೂರು ಸೀಮೆಯ ಒಂದು ಅವಲೋಕನ

ವರದಾ, ಧರ್ಮಾ ಹಾಗೂ ಕುಮುದ್ವತಿ ನದಿಗಳ ಆಸುಪಾಸಿನಲ್ಲಿ ಹರಡಿರುವ ಹಾನಗಲ್ಲು, ಶಿಗ್ಗಾಂವಿ, ಸವಣೂರು, ಹಿರೇಕೆರೂರು ತಾಲ್ಲೂಕುಗಳು ಶಾಸನ, ವೀರಗಲ್ಲುಗಳಿಂದ ಸಂಪನ್ನವಾದ ಸೀಮೆ. ಇಲ್ಲಿಯ ಅರಸುಮನೆತನಗಳು, ಕೋಟೆಕೊತ್ತಲಗಳು, ದೇವಾಲಯಗಳು, ಶರಣರು ಮತ್ತು ದಾಸರನ್ನು ಕುರಿತು ವಿದ್ವಾಂಸರು ಬಹಳಷ್ಟು ಬರೆದಿದ್ದಾರೆ. ದುಡಿಮೆಯಲ್ಲಿ, ಕಾಳಗದಲ್ಲಿ, ಆಟದಲ್ಲಿ, ಹಾದಿಯಲ್ಲಿ ಪೆಟ್ಟುಬಿದ್ದ ದೇಹದ ಚರಿತ್ರೆಗೆ ಅಷ್ಟು ಗಮನ ದೊರೆತಿಲ್ಲ. ಅಂಥ ಗಾಯಗಳಲ್ಲಿ ಬೆನ್ನೆಲುಬಿನ ಮುರಿತವೂ ಅದರೊಡನೆ ಒದಗುವ ನರಹಾನಿಯೂ ಅತ್ಯಂತ ದಾರುಣವಾದವು. ಕೈಕಾಲಿನ ಎಲುಬು ಮುರಿದವನು ಕೆಲವು ತಿಂಗಳಲ್ಲಿ ಹೊಲಕ್ಕೆ ಮರಳಬಹುದು. ಬೆನ್ನುಹುರಿ ಜಜ್ಜಿಹೋದವನು ಮರಳುವುದು ದುರ್ಲಭ. ಅವನೊಡನೆ ಇಡೀ ಮನೆಯೇ ನೆಲ ಹಿಡಿಯುತ್ತದೆ. ಈ ನಾಲ್ಕು ತಾಲ್ಲೂಕುಗಳಲ್ಲಿ ಬೆನ್ನು ಮುರಿದವರ ಭವಿಷ್ಯವನ್ನು ಶಸ್ತ್ರವೈದ್ಯನ ಕೈಗಿಂತ ಮೊದಲೇ ಎರಡು ಸಂಗತಿಗಳು ನಿರ್ಧರಿಸುತ್ತ ಬಂದಿವೆ: ಬಿದ್ದವನನ್ನು ಎತ್ತಿದ ಬಗೆ ಮತ್ತು ಆಸ್ಪತ್ರೆಗಿದ್ದ ದೂರ. ಇದನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

1. ಕಲ್ಲು ಹೇಳುವುದು, ಹೇಳದಿರುವುದು

ಶಾಸನಗಳ ಪಾನುಂಗಲ್ಲೇ ಇಂದಿನ ಹಾನಗಲ್ಲು. ಪಾನುಂಗಲ್ಲು-500 ಎಂಬ ನಾಡನ್ನು ಕದಂಬರ ಒಂದು ಶಾಖೆ ಆಳುತ್ತಿತ್ತು. 1196ರಲ್ಲಿ ಹೊಯ್ಸಳ ವೀರಬಲ್ಲಾಳನು ಆನೆಕೆರೆಯ ಬಳಿ ಬೀಡುಬಿಟ್ಟು ಈ ಊರನ್ನು ಮುತ್ತಿದಾಗ ಕದಂಬ ಕಾಮದೇವನ ಸೇನಾನಿ ಸೋಹಣಿಯು ಕಾದಿ ಮಡಿದ ಸಂಗತಿಯನ್ನು ಇಲ್ಲಿಯ ವೀರಗಲ್ಲು ತಿಳಿಸುತ್ತದೆ. ತುರುಗೋಳು, ಊರಳಿವು, ಗಡಿಕಾಳಗಗಳಲ್ಲಿ ಸತ್ತವರ ಸ್ಮಾರಕಗಳು ಈ ಸೀಮೆಯ ಅನೇಕ ಊರುಗಳಲ್ಲಿ ನಿಂತಿವೆ. ಕೆಳಗಿನ ಪಟ್ಟಿಕೆಯಲ್ಲಿ ಹೋರಾಟ, ನಡುವೆ ಅಪ್ಸರೆಯರ ನಡುವಣ ವೀರ, ಮೇಲೆ ಶಿವಸಾನ್ನಿಧ್ಯ, ಇದು ಅವುಗಳ ಸಾಮಾನ್ಯ ವಿನ್ಯಾಸ. ಮಡಿದವನ ಕುಟುಂಬಕ್ಕೆ ನೆತ್ತರುಗೊಡಗೆಯಾಗಿ ಭೂಮಿ ಬಿಡುವ ಪದ್ಧತಿಯೂ ಇತ್ತು.

ಇಲ್ಲಿ ಒಂದು ಅಂಶವನ್ನು ಗಮನಿಸಬೇಕು. ವೀರಗಲ್ಲು ಸತ್ತವನ ದಾಖಲೆ. ಕುದುರೆಯಿಂದ ಉರುಳಿ, ಕೋಟೆಯ ಗೋಡೆಯಿಂದ ಜಾರಿ, ಬೆನ್ನು ಮುರಿದು ಬದುಕುಳಿದವನಿಗೆ ಕಲ್ಲಿಲ್ಲ. ಅಪ್ಸರೆಯರು ಕರೆದೊಯ್ಯದೆ ಬಿಟ್ಟ ಅಂಥ ಕಾಲಾಳುಗಳು ಪ್ರತಿಯೊಂದು ಕಾಳಗದಲ್ಲಿಯೂ ಇದ್ದಿರಲೇಬೇಕು. ಸೊಂಟದ ಕೆಳಗೆ ಸ್ವಾಧೀನ ತಪ್ಪಿದವರು ಹಾಸಿಗೆ ಹುಣ್ಣು ಮತ್ತು ಮೂತ್ರದ ಸೋಂಕಿನಿಂದ ಬಹುಕಾಲ ಬದುಕುತ್ತಿರಲಿಲ್ಲವೆಂಬುದು ವೈದ್ಯಚರಿತ್ರೆಯಿಂದ ತಿಳಿಯುತ್ತದೆ. ರಣರಂಗದ ಮರಣಕ್ಕಿಂತ ನಿಧಾನವಾದ ಈ ಮರಣ ಶಾಸನದ ಪರಿಧಿಯೊಳಗೆ ಬರಲಿಲ್ಲ.

2. ಶಾಸ್ತ್ರದ ಎರಡು ಮಾತು

ಪ್ರಾಚೀನ ವೈದ್ಯವು ಈ ಗಾಯವನ್ನು ಚೆನ್ನಾಗಿ ಬಲ್ಲದು. ಕ್ರಿ.ಪೂ. ಸುಮಾರು 1600ರ ಈಜಿಪ್ಟಿನ ಎಡ್ವಿನ್ ಸ್ಮಿತ್ ಪಪೈರಸ್, ಕತ್ತಿನ ಮಣಿ ಸರಿದು ಕೈಕಾಲುಗಳ ಅರಿವಳಿದು ಮೂತ್ರ ತಾನಾಗಿ ಹೋಗುವ ರೋಗಿಯನ್ನು ಚಿಕಿತ್ಸೆಗೆ ಸಲ್ಲದವನೆಂದು ಬಗೆಯುತ್ತದೆ. ಸುಶ್ರುತ ಸಂಹಿತೆಯ ನಿದಾನಸ್ಥಾನವೂ ಬೆನ್ನಿನ ಭಗ್ನವನ್ನು ವೈದ್ಯನು ಬಿಡತಕ್ಕವುಗಳ ಪಟ್ಟಿಗೆ ಸೇರಿಸುತ್ತದೆ. ಆದರೆ ಅದೇ ಸಂಹಿತೆಯ ಚಿಕಿತ್ಸಾಸ್ಥಾನವು ಕಪಾಟಶಯನವೆಂಬ ವಿಧಾನವನ್ನು ವಿವರಿಸುತ್ತದೆ: ರೋಗಿಯನ್ನು ಹಲಗೆಯ ಮೇಲೆ ಮಲಗಿಸಿ, ಗೂಟಗಳನ್ನು ನೆಟ್ಟು, ಅಂಗವು ಅಲುಗದಂತೆ ಬಂಧಿಸುವುದು. ತೊಡೆ, ಮೊಣಕಾಲಿನ ಕೆಳಗಿನ ಭಗ್ನಗಳಿಗೆ ಹೇಳಿದ ಈ ವಿಧಿಯನ್ನು ಸೊಂಟ, ಬೆನ್ನೆಲುಬು, ಎದೆ, ಕೊರಳೆಲುಬುಗಳ ಭಗ್ನಗಳಿಗೂ ಅನ್ವಯಿಸಬೇಕೆಂದು ಅಲ್ಲಿ ಸೂಚಿಸಲಾಗಿದೆ. ಒಂದೆಡೆ ಕೈಬಿಡುವಿಕೆ, ಇನ್ನೊಂದೆಡೆ ಹಲಗೆ. ಇಂದಿನ ಆಂಬುಲೆನ್ಸಿನಲ್ಲಿರುವ ಗಟ್ಟಿ ಹಲಗೆಯ ಹಿಂದಿರುವ ತತ್ತ್ವವೂ ಇದೇ: ಮುರಿದದ್ದು ಅಲುಗಬಾರದು.

ಶಾಸ್ತ್ರದ ಈ ಹಲಗೆ ಹಳ್ಳಿಗೆ ತಲುಪಿತೇ? ಎಲುಬು ಕಟ್ಟುವ ಮನೆತನಗಳು, ಗರಡಿಮನೆಯ ವಸ್ತಾದರು ಕೈಕಾಲುಗಳ ಮುರಿತ, ಉಳುಕುಗಳಲ್ಲಿ ನುರಿತವರು. ಬಿದಿರಿನ ದಬ್ಬೆ, ಅರಿವೆಯ ಪಟ್ಟಿ, ಮಂಗರವಳ್ಳಿಯಂಥ ಬಳ್ಳಿಯ ಲೇಪ ಅವರ ಸಾಮಗ್ರಿ. ಈ ಪರಂಪರೆಯನ್ನು ಹಗುರಾಗಿ ಕಾಣಲಾಗದು; ಆಸ್ಪತ್ರೆಯಿಲ್ಲದ ಕಾಲದಲ್ಲಿ ಅಸಂಖ್ಯ ಒಕ್ಕಲಿಗರನ್ನು ಮತ್ತೆ ನೊಗ ಹಿಡಿಯುವಂತೆ ಮಾಡಿದ್ದು ಅದೇ. ಆದರೆ ಉಳುಕಿಗೆ ಹಿತವಾದ ತಿಕ್ಕುವಿಕೆ, ಎಳೆಯುವಿಕೆಗಳು ಬೆನ್ನೆಲುಬಿನ ಮುರಿತಕ್ಕೆ ಮಾರಕವಾಗುತ್ತವೆ. ಒಡೆದ ಮಣಿಯ ಚೂರು ಹಿಂದಕ್ಕೆ ಸರಿದು, ಅಲ್ಲಿಯವರೆಗೆ ಉಳಿದಿದ್ದ ಹುರಿಯನ್ನೂ ಒತ್ತಬಹುದು.

3. ಬೀಳುವ ಬಗೆಗಳು

ಬೆನ್ನೆಲುಬಿನಲ್ಲಿ ಕತ್ತಿನ 7, ಎದೆಯ 12, ಸೊಂಟದ 5 ಮಣಿಗಳಿದ್ದು, ಅವುಗಳ ಕೆಳಗೆ ತ್ರಿಕಾಸ್ಥಿ ಮತ್ತು ಬಾಲದೆಲುಬುಗಳಿವೆ. ಮಣಿಗಳ ಒಳಗಿನ ಕಾಲುವೆಯಲ್ಲಿ ಇಳಿಯುವ ಬೆನ್ನುಹುರಿ ವಯಸ್ಕರಲ್ಲಿ ಸೊಂಟದ ಮೊದಲ ಅಥವಾ ಎರಡನೆಯ ಮಣಿಯ ಬಳಿ ಮುಗಿದು, ಮುಂದೆ ನರಗಳ ಗೊಂಚಲಾಗುತ್ತದೆ. ಕತ್ತಿನ ಹುರಿಗೆ ಪೆಟ್ಟಾದರೆ ಕೈಕಾಲು ನಾಲ್ಕೂ ಕುಂದಬಹುದು, ಉಸಿರಾಟಕ್ಕೂ ಅಪಾಯ ಒದಗಬಹುದು. ಎದೆಯ ಭಾಗದಲ್ಲಾದರೆ ಕಾಲುಗಳು ಮತ್ತು ಮಲಮೂತ್ರಗಳ ಹತೋಟಿ ತಪ್ಪುತ್ತದೆ. ಎತ್ತರದಿಂದ ಬಿದ್ದವರಲ್ಲಿ ಎದೆಯ ಕೊನೆಯ ಹಾಗೂ ಸೊಂಟದ ಮೊದಲ ಮಣಿಗಳ ಸಂಧಿಭಾಗವೇ ಹೆಚ್ಚಾಗಿ ಜಜ್ಜುತ್ತದೆ.

ಬೀಳುವ ಬಗೆಗಳು ಈ ಸೀಮೆಯ ಜೀವನಕ್ರಮದಿಂದಲೇ ಹುಟ್ಟಿದವು. ಹಾನಗಲ್ಲಿನ ಅರೆಮಲೆನಾಡಿನ ಅಂಚಿನಲ್ಲಿ ಮಾವು, ತೆಂಗು, ಅಡಿಕೆಯ ಮರಗಳು. ಬಯಲಿನಲ್ಲಿ ಹುಣಸೆಯ ಮರ, ಬಣವೆ, ಬಾವಿಯ ಕಟ್ಟೆ. ಮಳೆಗಾಲದಲ್ಲಿ ನೆನೆದು ಕುಸಿಯುವ ಮಣ್ಣಿನ ಗೋಡೆ. ತಲೆಹೊರೆ ಹೊತ್ತು ಮುಗ್ಗರಿಸುವುದು. ಹೇರು ತುಂಬಿದ ಚಕ್ಕಡಿಯ ಮೇಲಿಂದ ಉರುಳುವುದು. ಇವುಗಳೊಡನೆ ಹೋರಿ ಹಬ್ಬವನ್ನೂ ಹೇಳಬೇಕು. ದೀಪಾವಳಿಯಿಂದ ಮೊದಲಾಗುವ ಈ ಆಟದಲ್ಲಿ ಕೊಬ್ಬರಿ ಹಾರಗಳಿಂದ ಸಿಂಗರಿಸಿದ ಹೋರಿಯನ್ನು ಜನಸಂದಣಿಯ ನಡುವೆ ಓಡಿಸುತ್ತಾರೆ. ಯುವಕರು ಮೈಮೇಲೆ ಬಿದ್ದು ಕೊಬ್ಬರಿ ಹರಿಯುತ್ತಾರೆ. ಹೋರಿಯ ಮೇಲಿನ ಅಕ್ಕರೆ ಈ ನಾಡಿಗೆ ಹೊಸದಲ್ಲ. ಚಾಲುಕ್ಯ ರಾಜಕುಮಾರ ಕೀರ್ತಿವರ್ಮನು ಗೋವೈದ್ಯವನ್ನು ಕನ್ನಡದಲ್ಲಿಯೇ ಬರೆದನು. ಆದರೆ ಹೋರಿ ತಿವಿದು ಎಸೆದಾಗ ತಲೆಕೆಳಗಾಗಿ ಬೀಳುವ ಯುವಕನ ಕತ್ತು ಮಡಚುತ್ತದೆ. ಅಂಥವನನ್ನು ನಾಲ್ವರು ಕೈಕಾಲು ಹಿಡಿದು ಅಂಕಣದಾಚೆಗೆ ಸಾಗಿಸುವ ಗಳಿಗೆ, ಬಿದ್ದ ಗಳಿಗೆಯಷ್ಟೇ ಅಪಾಯಕಾರಿ.

4. ದೂರದ ಚರಿತ್ರೆ

ಬ್ರಿಟಿಷರ ಆಡಳಿತದಲ್ಲಿ ಈ ಸೀಮೆ ಮುಂಬಯಿ ಪ್ರಾಂತದ ಧಾರವಾಡ ಜಿಲ್ಲೆಗೆ ಸೇರಿತ್ತು. ಇಂದಿನ ಶಿಗ್ಗಾಂವಿ ಭಾಗವು ಬಂಕಾಪುರ ತಾಲ್ಲೂಕೆಂದೂ ಹಿರೇಕೆರೂರು ಭಾಗವು ಕೋಡ ತಾಲ್ಲೂಕೆಂದೂ ಹೆಸರು ಪಡೆದಿದ್ದವು. ಸವಣೂರು ಮಾತ್ರ ನವಾಬರ ಪ್ರತ್ಯೇಕ ಸಂಸ್ಥಾನವಾಗಿದ್ದು 1948ರಲ್ಲಿ ವಿಲೀನಗೊಂಡಿತು. ಹುಬ್ಬಳ್ಳಿಯಿಂದ ಹರಿಹರದತ್ತ ಸಾಗಿದ ರೈಲುಮಾರ್ಗವು ಸವಣೂರು ತಾಲ್ಲೂಕಿನ ಯಲವಿಗಿಯನ್ನು ಮುಟ್ಟಿತು. ಹಾನಗಲ್ಲು, ಶಿಗ್ಗಾಂವಿ, ಹಿರೇಕೆರೂರು ಪಟ್ಟಣಗಳು ರೈಲಿನಿಂದ ದೂರವೇ ಉಳಿದವು. ಡಾ. ವಿಲಿಯಂ ವಾನ್‌ಲೆಸ್ ಅವರು 1894ರಲ್ಲಿ ಆರಂಭಿಸಿದ ಮಿರಜದ ಮಿಶನ್ ಆಸ್ಪತ್ರೆ ಈ ಭಾಗದವರಿಗೂ ದೊಡ್ಡ ಆಸರೆ. ಆದರೆ ಬೆನ್ನು ಮುರಿದವನನ್ನು ಕಂಬಳಿಯ ಜೋಲಿಯಲ್ಲಿಯೋ ಹೊರಸಿನ ಮೇಲೋ ಹೊತ್ತು, ಚಕ್ಕಡಿಗೆ ಏರಿಸಿ, ರೈಲಿಗೆ ಮುಟ್ಟಿಸುವುದೆಂದರೆ ಚಿಕಿತ್ಸೆಯತ್ತ ಇಟ್ಟ ಪ್ರತಿ ಹೆಜ್ಜೆಯೂ ಗಾಯವನ್ನು ಹೆಚ್ಚಿಸಬಹುದಾದ ಹೆಜ್ಜೆ. ಹೊರಸಿಗಿಂತ ಜೋಲಿ ಕೆಟ್ಟದ್ದು. ಅದು ಬೆನ್ನನ್ನು ಬಿಲ್ಲಿನಂತೆ ಬಾಗಿಸುತ್ತದೆ.

1957ರಲ್ಲಿ ಹುಬ್ಬಳ್ಳಿಯಲ್ಲಿ ಕರ್ನಾಟಕ ವೈದ್ಯಕೀಯ ಕಾಲೇಜು, 1965ರಲ್ಲಿ ದಾವಣಗೆರೆಯಲ್ಲಿ ಜೆ.ಜೆ.ಎಂ. ವೈದ್ಯಕೀಯ ಕಾಲೇಜು ಆರಂಭವಾದುದು ಈ ಚರಿತ್ರೆಯ ಮಹತ್ತ್ವದ ತಿರುವು. ‘ಕೆ.ಎಂ.ಸಿ.’ ಎಂಬ ಮೂರಕ್ಷರ ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಕೊನೆಯ ಆಸೆಯ ಹೆಸರಾಯಿತು. ಆದರೂ ಶಿಗ್ಗಾಂವಿಯಿಂದ ಹುಬ್ಬಳ್ಳಿಗೆ ಸುಮಾರು 50 ಕಿಲೋಮೀಟರಾದರೆ, ಹಿರೇಕೆರೂರಿನಿಂದ 100 ಕಿಲೋಮೀಟರಿಗೂ ಹೆಚ್ಚು. ಒಂದೇ ಬಗೆಯ ಗಾಯಕ್ಕೆ ಎರಡು ತಾಲ್ಲೂಕುಗಳಲ್ಲಿ ಎರಡು ಹಣೆಬರಹ ಎನ್ನುವಂತಾಯಿತು.

ಆಗಸ್ಟ್ 1997ರಲ್ಲಿ ಹಾವೇರಿ ಜಿಲ್ಲೆ ರೂಪುಗೊಂಡು ಜಿಲ್ಲಾ ಆಸ್ಪತ್ರೆ ಸಮೀಪಕ್ಕೆ ಬಂತು. ಮುಂದಿನ ದಶಕದಲ್ಲಿ ಪುಣೆ-ಬೆಂಗಳೂರು ಹೆದ್ದಾರಿ ಚತುಷ್ಪಥವಾಯಿತು. ಹೆದ್ದಾರಿಯ ಪಾತ್ರ ಇಬ್ಬಗೆಯದು: ಆಸ್ಪತ್ರೆಯ ದೂರವನ್ನು ಅದು ತಗ್ಗಿಸಿತು, ಅತಿವೇಗದ ಅಪಘಾತಗಳನ್ನೂ ತಂದಿತು. 2008ರ ನವೆಂಬರ್ 1ರಂದು ರಾಜ್ಯದಲ್ಲಿ ಆರಂಭವಾದ ‘ಆರೋಗ್ಯ ಕವಚ’ 108 ಸೇವೆಯಿಂದ, ಕತ್ತಿನ ಪಟ್ಟಿ ಮತ್ತು ಗಟ್ಟಿ ಹಲಗೆ ಹಳ್ಳಿಯ ರಸ್ತೆಗೆ ಬಂದವು. 2016ರಲ್ಲಿ ಜಾರಿಗೆ ಬಂದ ಹರೀಶ್ ಸಾಂತ್ವನ ಯೋಜನೆಯು ಅಪಘಾತದ ಮೊದಲ 48 ಗಂಟೆಗಳ ಚಿಕಿತ್ಸೆಗೆ 25,000 ರೂಪಾಯಿಗಳವರೆಗೆ ಸರ್ಕಾರದ ನೆರವನ್ನು ಒದಗಿಸಿತು. 2022ರಲ್ಲಿ ಹಾವೇರಿಯಲ್ಲಿಯೇ ಸರ್ಕಾರಿ ವೈದ್ಯಕೀಯ ಕಾಲೇಜು ಆರಂಭವಾಯಿತು.

5. ಮನೆಗೆ ಮರಳಿದ ಮೇಲೆ

ಹುರಿಗೆ ಪೆಟ್ಟಾದ ಕ್ಷಣದಲ್ಲಿ ಆಗುವ ಹಾನಿ ಮೊದಲನೆಯದು. ಅನಂತರದ ಬಾವು, ರಕ್ತದೊತ್ತಡದ ಇಳಿತ, ಆಮ್ಲಜನಕದ ಕೊರತೆಗಳಿಂದ ಆಗುವುದು ಎರಡನೆಯದು. ಮೊದಲನೆಯದನ್ನು ಯಾವ ವೈದ್ಯನೂ ಹಿಂದಿರುಗಿಸಲಾರ. ಎರಡನೆಯದನ್ನು ತಗ್ಗಿಸಲು ಸಾಧ್ಯ. ತಿರುಪುಮೊಳೆ, ಸಲಾಕೆಗಳ ಶಸ್ತ್ರಚಿಕಿತ್ಸೆ ಎಲುಬನ್ನು ನಿಲ್ಲಿಸುತ್ತದೆ, ಹುರಿಯ ಮೇಲಿನ ಒತ್ತಡವನ್ನು ತೆಗೆಯುತ್ತದೆ. ಸತ್ತ ನರವನ್ನು ಎಬ್ಬಿಸುವುದಿಲ್ಲ. 1990ರ ದಶಕದಲ್ಲಿ ಅಧಿಕ ಪ್ರಮಾಣದ ಸ್ಟೀರಾಯ್ಡ್ ಚುಚ್ಚುಮದ್ದಿನ ಮೇಲೆ ಇಟ್ಟ ಭರವಸೆಯೂ ಮುಂದೆ ಕುಂದಿತು.

ಈ ರೋಗಿಗಳ ಆಯುಷ್ಯವನ್ನು ನಿಜವಾಗಿ ಹೆಚ್ಚಿಸಿದ್ದು ಆರೈಕೆ. 1944ರಲ್ಲಿ ಇಂಗ್ಲೆಂಡಿನ ಸ್ಟೋಕ್ ಮ್ಯಾಂಡವಿಲ್‌ನಲ್ಲಿ ಲುಡ್ವಿಗ್ ಗುಟ್‌ಮನ್ ಅವರು ಗಾಯಾಳು ಸೈನಿಕರ ಮಗ್ಗುಲನ್ನು ಹಗಲಿರುಳು ನಿಯಮಿತವಾಗಿ ಬದಲಿಸಿ, ಮೂತ್ರಕೋಶವನ್ನು ಶುಚಿಯಾಗಿಡಿಸಿ, ಕೆಲಸಕ್ಕೂ ಆಟಕ್ಕೂ ಹಚ್ಚಿ ಇದನ್ನು ತೋರಿಸಿಕೊಟ್ಟರು. ನಮ್ಮ ದೇಶದಲ್ಲಿ, 1954ರ ವಾಹನ ಅಪಘಾತದಲ್ಲಿ ತಾವೇ ಕಾಲುಗಳ ಶಕ್ತಿ ಕಳೆದುಕೊಂಡ ಡಾ. ಮೇರಿ ವರ್ಗೀಸ್ ಅವರು ಗಾಲಿಕುರ್ಚಿಯಲ್ಲಿ ಕುಳಿತೇ ಶಸ್ತ್ರಚಿಕಿತ್ಸೆ ನಡೆಸಿದರು. ಅವರ ಮುಂದಾಳುತನದಲ್ಲಿ 1966ರಲ್ಲಿ ವೆಲ್ಲೂರಿನಲ್ಲಿ ಪುನರ್ವಸತಿ ಸಂಸ್ಥೆ ಆರಂಭವಾಯಿತು.

ಹಾನಗಲ್ಲು ಅಥವಾ ಹಿರೇಕೆರೂರಿನ ಹಳ್ಳಿಯಲ್ಲಿ ಆ ಪುನರ್ವಸತಿ ಸಂಸ್ಥೆಯ ಕೆಲಸವನ್ನು ಮನೆಯ ಹೆಂಗಸರೇ ಮಾಡುತ್ತ ಬಂದಿದ್ದಾರೆ. ಎರಡು ತಾಸಿಗೊಮ್ಮೆ ಮಗ್ಗುಲು ಹೊರಳಿಸುವುದು, ಹಾಸಿಗೆ ಒಣದಾಗಿಡುವುದು, ಮೂತ್ರದ ನಳಿಕೆಯನ್ನು ನೋಡಿಕೊಳ್ಳುವುದು, ಇವುಗಳ ಜೊತೆಗೆ ಹೊಲದ ಕೂಲಿ. ಎತ್ತರದ ಹೊಸ್ತಿಲು, ದನದ ಅಂಕಣ ದಾಟಿ ಒಳಹೋಗುವ ಪಡಸಾಲೆ, ದೂರದ ಬಚ್ಚಲು, ಇವು ಗಾಲಿಕುರ್ಚಿಯನ್ನು ಅರಿಯದ ಮನೆಗಳು. 1995ರ ಮತ್ತು 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಗಳು ಕಟ್ಟಡಗಳ ಸುಗಮ್ಯತೆಯ ಮಾತನಾಡುತ್ತವೆ. ಆ ಮಾತು ಹಳ್ಳಿಯ ಹೊಸ್ತಿಲವರೆಗೆ ಬರಬೇಕಾಗಿದೆ.

6. ಉಪಸಂಹಾರ

ಮೇಲಿನ ಅವಲೋಕನದಿಂದ ಎರಡು ಸಂಗತಿಗಳು ಸ್ಪಷ್ಟವಾಗುತ್ತವೆ. ಮೊದಲನೆಯದಾಗಿ, ಈ ಸೀಮೆಯಲ್ಲಿ ಬೆನ್ನು ಮುರಿದವರ ಚರಿತ್ರೆಯು ಹಾದಿ, ಬಂಡಿ, ಹಲಗೆಗಳ ಚರಿತ್ರೆಯಿಂದ ಬೇರೆಯಲ್ಲ. ಬಿದ್ದವನನ್ನು ಕೂರಿಸದೆ, ಬಾಗಿಸದೆ, ತಲೆ, ಕತ್ತು, ಬೆನ್ನು ಒಂದೇ ನೇರದಲ್ಲಿರುವಂತೆ ಹಲಗೆಯ ಮೇಲೆ ಸಾಗಿಸಬೇಕೆಂಬ ತಿಳಿವಳಿಕೆಯು ಹೋರಿ ಹಬ್ಬದ ಅಂಕಣಕ್ಕೂ ಅಡಿಕೆ ತೋಟಕ್ಕೂ ತಲುಪಿದರೆ, ಆಸ್ಪತ್ರೆ ಮುಟ್ಟುವ ಮೊದಲೇ ಕೆಲವರ ಕಾಲುಗಳು ಉಳಿದಾವು. ಎರಡನೆಯದಾಗಿ, ಬದುಕುಳಿದವರ ದಾಖಲೆ ಇನ್ನೂ ಆಗಬೇಕಾಗಿದೆ. ಆಸ್ಪತ್ರೆಗಳ ಹಳೆಯ ನೋಂದಣಿ ಪುಸ್ತಕಗಳು, ಎಲುಬು ಕಟ್ಟುವ ಮನೆತನಗಳ ನೆನಪುಗಳು, ವರ್ಷಗಟ್ಟಲೆ ಹಾಸಿಗೆಯಲ್ಲಿದ್ದವರ ಮತ್ತು ಅವರನ್ನು ನೋಡಿಕೊಂಡವರ ಮೌಖಿಕ ಕಥನಗಳು ಅಳಿಯುವ ಮೊದಲು ಸಂಗ್ರಹವಾಗಬೇಕು. ಸತ್ತ ವೀರನಿಗೆ ಕಲ್ಲು ನೆಟ್ಟು ನೆತ್ತರುಗೊಡಗೆ ಬಿಟ್ಟ ನಾಡು, ಬದುಕುಳಿದವನಿಗೂ ಅವನ ಮಗ್ಗುಲು ಹೊರಳಿಸಿದ ಕೈಗಳಿಗೂ ತನ್ನ ಚರಿತ್ರೆಯಲ್ಲಿ ಎಡೆ ಕೊಡುವುದು ಉಚಿತವಾಗಿದೆ.