ಜನಸಂಖ್ಯೆ ಮತ್ತು ಅಭಿವೃದ್ಧಿ ನೀತಿ: ಕಲಬುರಗಿ ಸೀಮೆ

ಜನನ ನಿಯಂತ್ರಣಕ್ಕೆ ಸರ್ಕಾರವೇ ಮುಂದಾದ ಮೊದಲ ನಾಡುಗಳಲ್ಲಿ ಮೈಸೂರು ಸಂಸ್ಥಾನವೂ ಒಂದು. 1930ರಲ್ಲಿ ಬೆಂಗಳೂರು, ಮೈಸೂರುಗಳಲ್ಲಿ ಅದಕ್ಕೆಂದೇ ಚಿಕಿತ್ಸಾಲಯ ತೆರೆಯಲು ಆದೇಶವಾಯಿತು. ಕಲಬುರಗಿ ಸೀಮೆಯ ಆಳಂದ, ಅಫಜಲಪುರ, ಜೇವರ್ಗಿಗಳ ಕಥೆ ಬೇರೆ. ಅವು ನಿಜಾಮರ ಹೈದರಾಬಾದಿಗೆ ಸೇರಿದ್ದವು. ಮನೆಯಲ್ಲಿ ಕನ್ನಡವಿದ್ದರೂ ಕಚೇರಿಯದ್ದೂ ಮೇಲಿನ ತರಗತಿಗಳದ್ದೂ ಉರ್ದು. 1956ರಲ್ಲಿ ಎರಡು ಸೀಮೆಗಳೂ ಒಂದೇ ರಾಜ್ಯಕ್ಕೆ ಬಂದಾಗ ಶಾಲೆ, ಆಸ್ಪತ್ರೆ, ರಸ್ತೆಗಳಲ್ಲಿ ಇದ್ದ ಅಂತರ ಹಾಗೇ ಉಳಿಯಿತು.

1952ರಲ್ಲಿ ಕೇಂದ್ರ ಸರ್ಕಾರ ಕುಟುಂಬ ಯೋಜನೆ ಆರಂಭಿಸಿತು. ಅದರ ಗುರುತಾದ ಕೆಂಪು ತ್ರಿಕೋನ ಹಳ್ಳಿಯ ಗೋಡೆಗಳನ್ನೇರಿತು. 1974ರ ಬುಕಾರೆಸ್ಟ್ ಸಮ್ಮೇಳನದಲ್ಲಿ ಆರೋಗ್ಯ ಸಚಿವ ಕರಣ್ ಸಿಂಗ್ ಅಭಿವೃದ್ಧಿಯೇ ಎಲ್ಲಕ್ಕಿಂತ ಒಳ್ಳೆಯ ಸಂತಾನ ನಿರೋಧಕವೆಂದರು. ಎರಡೇ ವರ್ಷದಲ್ಲಿ, ತುರ್ತು ಪರಿಸ್ಥಿತಿಯ ಕಾಲಕ್ಕೆ, ಅದೇ ಸಚಿವರ ನೀತಿಯಡಿ ದೇಶ ಸಂತಾನ ತಡೆಯುವ ಆಪರೇಷನ್ನುಗಳ ಲೆಕ್ಕಕ್ಕೆ ಬಿತ್ತು. ಬಲವಂತದಿಂದ ಕೆಟ್ಟ ಹೆಸರು ಬಂದ ಮೇಲೆ ಗಂಡಸರು ಹಿಂದೆ ಸರಿದರು, ಭಾರವೆಲ್ಲ ಹೆಂಗಸರ ಮೇಲೆ ಬಿತ್ತು. ಇಂದಿಗೂ ಕರ್ನಾಟಕದಲ್ಲಿ ಮದುವೆಯಾದ ಹೆಂಗಸರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೆ ಆಪರೇಷನ್ ಆಗಿದೆ, ಗಂಡಸರದ್ದು ಲೆಕ್ಕಕ್ಕೇ ಸಿಗದು.

ಆಪರೇಷನ್ನಿಗಿಂತ ಹೆಚ್ಚು ಹೇಳುವುದು ಹುಡುಗಿಯ ಶಾಲೆ ಮತ್ತು ಮದುವೆಯ ವಯಸ್ಸು. ಆಳಂದ ತಾಲ್ಲೂಕಿನ ಭೂಸನೂರಿನಂಥ ಊರನ್ನೇ ನೋಡಿ. ಊರಲ್ಲಿ ಸಕ್ಕರೆ ಕಾರ್ಖಾನೆ ಇದೆ, ಸುತ್ತ ಕಬ್ಬು. ನೀರಿಲ್ಲದ ಕಡೆ ತೊಗರಿ, ಜೋಳ. ಮಳೆ ಕೈಕೊಟ್ಟ ವರ್ಷ ಈ ತಾಲ್ಲೂಕುಗಳ ಕೂಲಿ ಸಂಸಾರಗಳು ಮುಂಬಯಿ, ಪುಣೆ, ಹೈದರಾಬಾದಿಗೆ ಗುಳೆ ಹೋಗುತ್ತವೆ. ಅಪ್ಪ, ಅವ್ವ ಕಟ್ಟಡದ ಕೆಲಸಕ್ಕೆ ಹೊರಟರೆ ತಮ್ಮ, ತಂಗಿಯರನ್ನು ನೋಡಿಕೊಳ್ಳುವವಳು ಹಿರೀಮಗಳು. ಅವಳ ಶಾಲೆ ಅಲ್ಲಿಗೆ ನಿಲ್ಲುತ್ತದೆ, ಆಮೇಲೆ ಮದುವೆಯ ಮಾತು ಬೇಗ ಬರುತ್ತದೆ. 2011ರ ಜನಗಣತಿಯಲ್ಲಿ ರಾಜ್ಯದ ಮಹಿಳಾ ಸಾಕ್ಷರತೆ ಶೇ. 68ರಷ್ಟಿದ್ದರೆ ಕಲಬುರಗಿ ಜಿಲ್ಲೆಯದ್ದು ಶೇ. 55, ಪಕ್ಕದ ಯಾದಗಿರಿಯದ್ದು ಶೇ. 41. ಜನಸಂಖ್ಯೆಯೂ ಈ ಎರಡು ಜಿಲ್ಲೆಗಳಲ್ಲಿ ರಾಜ್ಯದ ಸರಾಸರಿಗಿಂತ ಬೇಗ ಬೆಳೆದಿತ್ತು. 2006ರ ಭಾಗ್ಯಲಕ್ಷ್ಮಿ ಯೋಜನೆ, ಓದಿಸಿ 18ರ ಮುಂಚೆ ಮದುವೆ ಮಾಡದಿದ್ದರೆ ಹಣವೆಂದು, ಈ ಗಂಟಿಗೇ ಕೈಹಾಕಿತು. 

ಪ್ರಾದೇಶಿಕ ಅಸಮತೋಲನ ಅಳೆದ ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ ರಾಜ್ಯದ 39 ತಾಲ್ಲೂಕುಗಳನ್ನು ಅತ್ಯಂತ ಹಿಂದುಳಿದವೆಂದು ಗುರುತಿಸಿತು. ಅವುಗಳಲ್ಲಿ 21 ಗುಲಬರ್ಗಾ (ಈಗಿನ ಕಲಬುರಗಿ) ವಿಭಾಗದವೇ. ದಶಕಗಳ ಹೋರಾಟದ ಮೇಲೆ, ಈಗ ಕಲ್ಯಾಣ ಕರ್ನಾಟಕವೆನ್ನುವ ಈ ಭಾಗಕ್ಕೆ ವಿಶೇಷ ಸ್ಥಾನ ಕೊಡುವ ಸಂವಿಧಾನದ 371(ಜೆ) ವಿಧಿ ಬಂತು, ಅದರ ಹಿಂದೆಯೇ ಪ್ರದೇಶಾಭಿವೃದ್ಧಿ ಮಂಡಳಿ.

ಇಷ್ಟರಲ್ಲಿ ರಾಜ್ಯದ ಲೆಕ್ಕವೇ ತಿರುಗಿದೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಕರ್ನಾಟಕದಲ್ಲಿ ಒಬ್ಬ ಮಹಿಳೆಗೆ ಸರಾಸರಿ 1.7 ಮಕ್ಕಳು, ಜನಸಂಖ್ಯೆ ಸಮನಾಗಿ ನಿಲ್ಲಲು ಬೇಕಾದದ್ದು 2.1. ಆದರೆ ರಾಜ್ಯಗಳಿಗೆ ತೆರಿಗೆ ಹಂಚುವಾಗ ಹದಿನೈದನೇ ಹಣಕಾಸು ಆಯೋಗ 1971ರ ಜನಗಣತಿ ಬಿಟ್ಟು 2011ರದ್ದನ್ನು ಹಿಡಿಯಿತು, ಉಳಿದೆಲ್ಲಕ್ಕಿಂತ ತಲಾದಾಯದ ಅಂತರಕ್ಕೇ ಹೆಚ್ಚು ತೂಕ ಕೊಟ್ಟಿತು. ಕೇಂದ್ರ ತೆರಿಗೆಯಲ್ಲಿ ರಾಜ್ಯದ ಪಾಲು ಶೇ. 4.71ರಿಂದ 3.65ಕ್ಕೆ ಇಳಿಯಿತು. ಕಲ್ಯಾಣ ಕರ್ನಾಟಕದ ಮಂಡಳಿಗೆ ಅನುದಾನ ಬರುವುದೂ ಇದೇ ರಾಜ್ಯದ ಖಜಾನೆಯಿಂದ.