ಬಿಯೊವುಲ್ಫ್ ನೌಕೆಯ ಮೊರೆ

ಎಂದೂ ಯಾರೂ ಕಟ್ಟದ, ಎಲ್ಲಿಯೂ ಸಂಚರಿಸದ ಹಡಗೊಂದರ ಚರಿತ್ರೆಯನ್ನು ಹೇಳಹೊರಟರೆ ಶ್ರೋತೃಗಳು ನಕ್ಕಾರು. ಆದರೂ ಬಾನುಲಿಯ ಮುಂದೆ ಕುಳಿತಾಗಲೆಲ್ಲ ನನಗೆ ನೆನಪಾಗುವುದು ಆ ಹಡಗೇ. ಲೋಕ ಅದರ ಬಗೆಗೆ ಮೊದಲು ಕೇಳಿದ್ದು ಬಾನುಲಿಯಲ್ಲಿ ಅದು ಇಟ್ಟ ಒಂದು ಮೊರೆಯನ್ನು ಮಾತ್ರ.

1977ರಲ್ಲಿ ಅಮೆರಿಕದ ಇಲಿನಾಯ್ ರಾಜ್ಯದ ಗೇಮ್ ಡಿಸೈನರ್ಸ್ ವರ್ಕ್‌ಶಾಪ್ ಎಂಬ ಸಂಸ್ಥೆ ‘ಟ್ರಾವೆಲರ್’ ಎಂಬ ಆಟವನ್ನು ಹೊರತಂದಿತು. ಅದನ್ನು ರಚಿಸಿದವರು ಮಾರ್ಕ್ ಮಿಲ್ಲರ್. ಚದುರಂಗದಂತೆ ಮಣೆಯ ಮೇಲೆ ಕಾಯಿ ನಡೆಸುವ ಆಟವಲ್ಲ ಇದು. ನಾಲ್ಕಾರು ಮಂದಿ ಸುತ್ತ ಕುಳಿತು, ಒಬ್ಬೊಬ್ಬರು ಒಂದೊಂದು ಪಾತ್ರವನ್ನು ವಹಿಸಿ, ನಮ್ಮ ತಾಳಮದ್ದಳೆಯ ಅರ್ಥಧಾರಿಗಳಂತೆ ಮಾತಿನಲ್ಲಿಯೇ ಕಥೆಯನ್ನು ನಡೆಸುತ್ತಾರೆ. ಕಾಲ ಮುಂದಿನದು, ರಂಗಸ್ಥಳ ನಕ್ಷತ್ರಲೋಕ. ಸೂತ್ರಧಾರನೊಬ್ಬನಿರುತ್ತಾನೆ, ಸಂದೇಹ ಬಂದೆಡೆ ಎರಡು ದಾಳಗಳು ತೀರ್ಪು ಕೊಡುತ್ತವೆ. ತಾಳಮದ್ದಳೆಯಲ್ಲಿ ಪ್ರಸಂಗದ ಕೊನೆ ಮೊದಲೇ ತಿಳಿದಿರುತ್ತದೆ. ಇಲ್ಲಿ ಅದು ಸೂತ್ರಧಾರನಿಗೂ ತಿಳಿಯದು.

ಆ ವರ್ಷದ ಮೇ ತಿಂಗಳಲ್ಲಿ ‘ಸ್ಟಾರ್ ವಾರ್ಸ್’ ಚಲನಚಿತ್ರ ತೆರೆಕಂಡಿತ್ತು. ಬಣ್ಣದ ರಾಕೆಟ್ಟುಗಳನ್ನು ಬರೆಸಿ ಆಟದ ಪೆಟ್ಟಿಗೆಯನ್ನು ಮಾರುವುದು ಕಷ್ಟವಾಗುತ್ತಿರಲಿಲ್ಲ. ಮಿಲ್ಲರ್ ಅವರ ಪೆಟ್ಟಿಗೆಯಾದರೋ ಬರಿಯ ಕಪ್ಪು. ಅದರ ಮೇಲೆ ಚಿತ್ರವಿಲ್ಲ. ಕೆಲವೇ ಸಾಲುಗಳ ಒಂದು ಸಂದೇಶ. ಬಿಯೊವುಲ್ಫ್ ಎಂಬ ವ್ಯಾಪಾರಿ ನೌಕೆ ಯಾರಾದರೂ ಕೇಳಲಿ ಎಂದು ಕೂಗುತ್ತಿದೆ. ಅದರ ಮೇಲೆ ದಾಳಿಯಾಗಿದೆ, ಯಂತ್ರ ಕೆಟ್ಟಿದೆ, ಒಳಗಿನ ಗಾಳಿ ಸೋರಿಹೋಗುತ್ತಿದೆ. ಮರುದನಿ ಬಂದಿತೇ ಎಂಬುದು ಪೆಟ್ಟಿಗೆಯ ಮೇಲಿಲ್ಲ.

ಬಿಯೊವುಲ್ಫ್ ಎಂಬುದು ಪ್ರಾಚೀನ ಇಂಗ್ಲಿಷಿನ ಮಹಾಕಾವ್ಯದ ವೀರನ ಹೆಸರು. ಪರರಾಜನೊಬ್ಬನ ಸಭಾಮಂದಿರಕ್ಕೆ ರಾಕ್ಷಸಬಾಧೆ ತಗುಲಿದೆಯೆಂದು ಕೇಳಿ, ಹದಿನಾಲ್ಕು ಸಂಗಡಿಗರೊಡನೆ ಕಡಲು ದಾಟಿ ನೆರವಿಗೆ ಹೋದವನು ಅವನು. ಅಂಥವನ ಹೆಸರು ಹೊತ್ತ ಹಡಗೇ ಇಲ್ಲಿ ನೆರವಿಗಾಗಿ ಅಂಗಲಾಚುತ್ತಿದೆ.

ಆದರೆ ಇದು ವೀರರ ಹಡಗಲ್ಲ, ಸಾಲಗಾರರ ಹಡಗು. ಆಟದ 1981ರ ನಿಯಮಪುಸ್ತಕವನ್ನು ನೋಡಿ. ಈ ಬಗೆಯ ಇನ್ನೂರು ಟನ್ನಿನ ನೌಕೆಯ ಬೆಲೆ 3 ಕೋಟಿ 70 ಲಕ್ಷ 80 ಸಾವಿರ ಕ್ರೆಡಿಟ್. ಐದನೆಯ ಒಂದು ಪಾಲನ್ನು ಮುಂಗಡ ಕೊಟ್ಟು, ಆಮೇಲೆ ತಿಂಗಳಿಗೆ ಬೆಲೆಯ 240ನೆಯ ಒಂದು ಭಾಗದಂತೆ ನಲವತ್ತು ವರ್ಷ ಕಟ್ಟಬೇಕು. ಎಂದರೆ ತಿಂಗಳ ಕಂತು 1,54,500. ಹಡಗು ಹೊರುವ ಸರಕು 82 ಟನ್. ಬಾಡಿಗೆ ಟನ್ನಿಗೆ ಸಾವಿರ. ಒಂದು ಯಾತ್ರೆಗೆ ಎರಡು ವಾರ. ತಿಂಗಳಿಗೆ ಎರಡು ಯಾತ್ರೆ ತುಂಬು ಸರಕಿನೊಡನೆ ನಡೆದರೆ ದೊರೆಯುವುದು 1,64,000. ಉಳಿದ ಒಂಬತ್ತೂವರೆ ಸಾವಿರದಲ್ಲಿ ಇಂಧನ, ದುರಸ್ತಿ, ನಾಲ್ವರು ಸಿಬ್ಬಂದಿಯ ಸಂಬಳ! ಪ್ರಯಾಣಿಕರು ಸಿಕ್ಕರೆ ಉಸಿರಾಡಬಹುದು. ಅಗ್ಗದ ಪ್ರಯಾಣಿಕರನ್ನು ಶೀತನಿದ್ರೆಯಲ್ಲಿ ಮಲಗಿಸಿ ಒಯ್ಯುವ ಏರ್ಪಾಡೂ ಉಂಟು. ಅವರಲ್ಲಿ ಕೆಲವರು ಮತ್ತೆ ಏಳುವುದಿಲ್ಲ.

ಬಿಯೊವುಲ್ಫನ ಮೇಲೆ ಎರಗಿದವರಾರು ಎಂದು ಆಟಗಾರರು ಚರ್ಚಿಸುವುದುಂಟು. ನನಗೆ ಅದು ಮುಖ್ಯವೆನಿಸದು. ಕಾವಲಿಲ್ಲದ ಹಾದಿಗೆ ಅದನ್ನು ಅಟ್ಟಿದ್ದು ಆ ಕಂತೇ ಇರಬೇಕು.

ಸಂಸ್ಥೆ 1996ರಲ್ಲಿ ಮುಚ್ಚಿತು. ಆಟ ಬೇರೆಯವರ ಕೈಗಳಲ್ಲಿ ಉಳಿಯಿತು. ಆ ಬಗೆಯ ವ್ಯಾಪಾರಿ ನೌಕೆಗಳಿಗೆಲ್ಲ ಬಿಯೊವುಲ್ಫ್ ವರ್ಗವೆಂದೇ ಹೆಸರಾಯಿತು.

ಈ ಕಲ್ಪಿತ ಜಗತ್ತಿನ ಒಂದು ನಿಯಮ ಮಾತ್ರ ನನ್ನನ್ನು ಇಂದಿಗೂ ಕಾಡುತ್ತದೆ. ಅಲ್ಲಿ ಬೆಳಕನ್ನು ಮೀರಿ ಹೋಗಬಲ್ಲವು ಹಡಗುಗಳು ಮಾತ್ರ. ಬಾನುಲಿಗೆ ಆ ಶಕ್ತಿಯಿಲ್ಲ. ಸುದ್ದಿಯನ್ನೂ ಹಡಗೇ ಒಯ್ಯಬೇಕು. ಬಿಯೊವುಲ್ಫ್ ಒಂದೇ ನೆಗೆತಕ್ಕೆ ಒಂದು ಪಾರ್ಸೆಕ್ ದೂರವನ್ನು, ಅಂದರೆ ಮೂರು ಜ್ಯೋತಿರ್ವರ್ಷಗಳಿಗೂ ಮಿಕ್ಕ ಹಾದಿಯನ್ನು, ಒಂದು ವಾರದಲ್ಲಿ ದಾಟುತ್ತಿತ್ತು. ಅದರ ಮೊರೆ ಅಷ್ಟೇ ದೂರದ ಮುಂದಿನ ಬಂದರನ್ನು ಮುಟ್ಟಲು ಮೂರು ವರ್ಷ ಮೂರು ತಿಂಗಳು ಬೇಕು.