ಇನ್ನೊಂದು ಕೊಲ್ಲಿಯ ಮಕ್ಕಳ ಊಟ

ಕೊಲ್ಲಿ ಎಂದರೆ ನಮಗೆ ನಾವು ದುಡಿಯುವ ಈ ಕೊಲ್ಲಿಯೇ. ಅಮೆರಿಕದ ಪಶ್ಚಿಮ ಕರಾವಳಿಯಲ್ಲಿ ಇನ್ನೊಂದು ಕೊಲ್ಲಿ ಇದೆ, ಸ್ಯಾನ್ ಫ್ರಾನ್ಸಿಸ್ಕೋ ಕೊಲ್ಲಿ. ಅದರ ದಕ್ಷಿಣಕ್ಕಿರುವ ಸಾಂತಾ ಕ್ಲಾರಾ ಕೌಂಟಿಯಲ್ಲಿ, ಸನಿವೇಲ್, ಕ್ಯುಪರ್ಟಿನೋ ಊರುಗಳಲ್ಲಿ, ಕಂಪ್ಯೂಟರ್ ಕೆಲಸಕ್ಕೆ ಹೋದ ನಮ್ಮ ಕನ್ನಡಿಗರೂ ಸಾಕಷ್ಟು ಮಂದಿ ನೆಲೆಸಿದ್ದಾರೆ. ಹೋಟೆಲಿನವರು ಮಕ್ಕಳಿಗೆ ಕೊಡುವ ಊಟದ ವಿಚಾರದಲ್ಲಿ ಸರಕಾರ ಕೈಹಾಕಬಹುದೇ ಎಂಬ ದೊಡ್ಡ ಜಗಳ ಶುರುವಾದದ್ದು ಅಲ್ಲಿಂದಲೇ.

ಜಗಳದ ಮೂಲ ಒಂದು ಆಟಿಕೆ. ಮ್ಯಾಕ್‌ಡೊನಾಲ್ಡ್ಸ್ ಕಂಪನಿ 1979ರಲ್ಲಿ ಅಮೆರಿಕದಾದ್ಯಂತ 'ಹ್ಯಾಪಿ ಮೀಲ್' ತಂದಿತು. ಒಂದು ಡಬ್ಬಿ, ಅದರಲ್ಲಿ ಬರ್ಗರ್, ಕರಿದ ಆಲೂಗಡ್ಡೆ, ತಂಪು ಪಾನೀಯ, ಜೊತೆಗೊಂದು ಆಟಿಕೆ. ಮಗು ಹಟ ಹಿಡಿಯುವುದು ಆಟಿಕೆಗೆ, ಹೊಟ್ಟೆಗೆ ಹೋಗುವುದು ಎಣ್ಣೆ, ಉಪ್ಪು, ಸಕ್ಕರೆ. ಇಂಥ ಆಟಿಕೆಗಳಿಗಾಗಿ ಅಲ್ಲಿನ ಫಾಸ್ಟ್‌ಫುಡ್ ಕಂಪನಿಗಳು 2006ರಲ್ಲಿ ಸುಮಾರು 36 ಕೋಟಿ ಡಾಲರ್ ಖರ್ಚು ಮಾಡಿದ್ದವು.

2010ರ ಏಪ್ರಿಲ್ 27ರಂದು ಸಾಂತಾ ಕ್ಲಾರಾ ಕೌಂಟಿಯ ಆಡಳಿತ ಮಂಡಳಿ, ಕೆನ್ ಯೇಗರ್ ಅವರ ಪ್ರಸ್ತಾವವನ್ನು 3-2 ಮತಗಳಿಂದ ಒಪ್ಪಿತು. ಮಕ್ಕಳ ಊಟ 485 ಕ್ಯಾಲೊರಿ ಅಥವಾ 600 ಮಿಲಿಗ್ರಾಂ ಸೋಡಿಯಂ ಮೀರಿದರೆ ಅದರೊಂದಿಗೆ ಆಟಿಕೆ ಕೊಡುವಂತಿಲ್ಲ. ಅಮೆರಿಕದಲ್ಲಿ ಇಂಥ ಕಾನೂನು ಅದೇ ಮೊದಲು. ಆದರೆ ಅದು ನಗರಸಭೆಗಳಿಗೆ ಸೇರದ ಜಾಗಗಳಿಗೆ ಮಾತ್ರ ಅನ್ವಯಿಸುತ್ತಿತ್ತು. ಹಾಗಾಗಿ ಅದರ ಹಿಡಿತಕ್ಕೆ ಸಿಕ್ಕಿದ್ದು ಬೆರಳೆಣಿಕೆಯ ಹೋಟೆಲುಗಳು.

ಅದೇ ವರ್ಷ ನವೆಂಬರಿನಲ್ಲಿ ಸ್ಯಾನ್ ಫ್ರಾನ್ಸಿಸ್ಕೋ ನಗರವೂ ಅದೇ ದಾರಿ ಹಿಡಿಯಿತು. ಎರಿಕ್ ಮಾರ್ ತಂದ ಆ ಕಾನೂನಿನ ಪ್ರಕಾರ ಊಟ 600 ಕ್ಯಾಲೊರಿ ಮೀರಬಾರದು, ಹಣ್ಣು ತರಕಾರಿ ಇರಲೇಬೇಕು. ಇಲ್ಲದಿದ್ದರೆ ಉಚಿತ ಆಟಿಕೆ ಇಲ್ಲ. ಮೇಯರ್ ಗ್ಯಾವಿನ್ ನ್ಯೂಸಮ್ ತಡೆಯೊಡ್ಡಿದರು. ಮಕ್ಕಳು ಏನು ತಿನ್ನಬೇಕೆಂದು ಹೇಳುವುದು ತಂದೆತಾಯಿಯ ಕೆಲಸ ಎಂಬುದು ವಿರೋಧಿಗಳ ವಾದ. ಮಂಡಳಿ 8-3 ಮತಗಳಿಂದ ಆ ತಡೆಯನ್ನು ತಳ್ಳಿಹಾಕಿತು.

ನೀನು ಚಾಪೆ ಕೆಳಗೆ ತೂರಿದರೆ ನಾನು ರಂಗೋಲಿ ಕೆಳಗೆ ತೂರುತ್ತೇನೆ ಎನ್ನುವ ಮಾತು ನಮ್ಮಲ್ಲಿದೆಯಲ್ಲ, ಹಾಗಾಯಿತು ಮುಂದಿನ ಕಥೆ. ಕಾನೂನು ತಡೆದದ್ದು ಉಚಿತ ಆಟಿಕೆಯನ್ನು. 2011ರ ಡಿಸೆಂಬರ್ 1ರಂದು ಅದು ಜಾರಿಗೆ ಬಂದಾಗ ಕಂಪನಿ ಆಟಿಕೆಗೆ 10 ಸೆಂಟ್ ಬೆಲೆ ಇಟ್ಟಿತು. ದಿರ್ಹಮ್ ಲೆಕ್ಕದಲ್ಲಿ ಸುಮಾರು 37 ಫಿಲ್ಸ್. ಆ ಹಣ ದಾನಕ್ಕೆ ಹೋಗುತ್ತದೆ ಎಂದೂ ಹೇಳಿತು. ಆಟಿಕೆ ಮೊದಲಿನಂತೆಯೇ ಮಗುವಿನ ಕೈ ಸೇರಿತು.

ಹಾಗೆಂದು ಎಲ್ಲವೂ ನೀರಿನಲ್ಲಿ ಹೋಮವಾಗಲಿಲ್ಲ. ಈ ಗದ್ದಲ ನಡೆದಿರುವಾಗಲೇ, 2011ರ ಜುಲೈನಲ್ಲಿ, ಎಲ್ಲ ಹ್ಯಾಪಿ ಮೀಲ್‌ಗಳಲ್ಲೂ ಸೇಬಿನ ಹೋಳು ಇಟ್ಟು ಆಲೂಗಡ್ಡೆಯ ಪ್ರಮಾಣ ಇಳಿಸುವುದಾಗಿ ಕಂಪನಿ ಸಾರಿತು. ಕಾನೂನು ಮಾಡುವವರೂ ಆಟಿಕೆ ಬಿಟ್ಟು ಲೋಟದ ಕಡೆ ನೋಡಿದರು. 2015ರಲ್ಲಿ ಸ್ಯಾಕ್ರಮೆಂಟೋ ಬಳಿಯ ಡೇವಿಸ್ ನಗರ, ಮಕ್ಕಳ ಊಟದ ಜೊತೆ ತಾನಾಗಿ ಬರುವ ಪಾನೀಯ ನೀರು ಅಥವಾ ಹಾಲು ಆಗಿರಬೇಕು ಎಂದಿತು. 2018ರಲ್ಲಿ ಇಡೀ ಕ್ಯಾಲಿಫೋರ್ನಿಯಾ ಅದನ್ನೇ ಒಪ್ಪಿ, 2019ರ ಜನವರಿ 1ರಿಂದ ಜಾರಿಗೆ ತಂದಿತು. ಪೆಪ್ಸಿ, ಕೋಲಾ ಬೇಕಿದ್ದರೆ ತಂದೆತಾಯಿ ಬಾಯಿಬಿಟ್ಟು ಕೇಳಬಹುದು. ತಂದೆತಾಯಿಯ ಹಕ್ಕು ಉಳಿಯಿತು. ಕೇಳದೆ ಬರುವುದು ಮಾತ್ರ ಬದಲಾಯಿತು.

ನಮ್ಮ ಊರಿನ ಸರಕಾರಿ ಶಾಲೆಯ ಬಿಸಿಯೂಟ, 2013ರಲ್ಲಿ ಶುರುವಾದ ಕ್ಷೀರಭಾಗ್ಯದ ಹಾಲು ಕೂಡ ಹೀಗೆಯೇ ಮಗು ಕೇಳದೆಯೇ ಕೈಗೆ ಬರುತ್ತವೆ. ಇಲ್ಲಿ ಕೊಲ್ಲಿಯಲ್ಲಿ ದಾರಿ ಬೇರೆ: 2017ರಲ್ಲಿ ಸೌದಿ ಮತ್ತು ಯುಎಇ ಸರಕಾರಗಳು ಸೋಡಾ ಪಾನೀಯಗಳ ಮೇಲೆ ಶೇ. 50, ಎನರ್ಜಿ ಡ್ರಿಂಕ್ ಮೇಲೆ ಶೇ. 100 ತೆರಿಗೆ ಹಾಕಿದವು. ಗ್ರೋಸರಿಯಲ್ಲಿ ಕ್ಯಾನ್ ಕೊಳ್ಳುವಾಗ ಅದರ ಬಿಸಿ ನಮಗೂ ತಟ್ಟಿತು.

ಆದರೆ ನಮ್ಮ ಮನೆಯೊಳಗೆ ಯಾವ ಸರಕಾರವೂ ಬರುವುದಿಲ್ಲ. ನಮ್ಮಲ್ಲಿ ಅನೇಕರ ಮಕ್ಕಳು ಊರಿನಲ್ಲಿ ಬೆಳೆಯುತ್ತಿದ್ದಾರೆ. ವರ್ಷಕ್ಕೋ ಎರಡು ವರ್ಷಕ್ಕೋ ಒಮ್ಮೆ ರಜೆಗೆ ಹೋಗುವಾಗ ನಮ್ಮ ಪೆಟ್ಟಿಗೆಯಲ್ಲಿ ಚಾಕಲೇಟು, ಟ್ಯಾಂಗ್ ಡಬ್ಬಿ ಇದ್ದೇ ಇರುತ್ತವೆ. ಊರಿಗೆ ಹೋದ ಮೇಲೆ ಮಕ್ಕಳನ್ನು ಪೇಟೆಗೆ ಕರೆದೊಯ್ದು ಅವರು ಕೈತೋರಿಸಿದ್ದನ್ನೆಲ್ಲ ಕೊಡಿಸುತ್ತೇವೆ. ದೂರವಿದ್ದದ್ದನ್ನು ತುಂಬಿಕೊಡುವ ಆಸೆ ಅದು; ತಪ್ಪೆನ್ನಲಾಗದು. ಆದರೂ ಮಗು ಕೇಳುವ ಮೊದಲೇ ಅದರ ಮುಂದೆ ಏನಿಡುತ್ತೇವೆ ಎಂಬುದು ನಮ್ಮ ಕೈಯಲ್ಲೇ ಇದೆ. ಈ ಸಲ ಪೆಟ್ಟಿಗೆ ಕಟ್ಟುವಾಗ ಒಂದು ಚಾಕಲೇಟು ಡಬ್ಬಿಯ ಜಾಗದಲ್ಲಿ ಒಂದು ಕಿಲೋ ಒಳ್ಳೆಯ ಖರ್ಜೂರ ಇಡೋಣ.